ಚಾರಣಿಗರಿಗೆ ಮಿತಿ ಬಂತು, ಹಾದಿಗೆ ಆರೈಕೆ ಎಂದು?

ಬೆಂಗಳೂರು: 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರ ಪರ್ವತದ ಹಾದಿಯುದ್ದಕ್ಕೂ ಸಾವಿರಾರು ಚಾರಣಿಗರು ಕಿಕ್ಕಿರಿದು ಸೇರಿದ ದೃಶ್ಯಗಳು ರಾಜ್ಯದಾದ್ಯಂತ ಚರ್ಚೆಗೆ ಗ್ರಾಸವಾದವು. ಕೆಲವೇ ದಿನಗಳಲ್ಲಿ ಅರಣ್ಯ ಸಚಿವ ಈಶ್ವರ ಖಂಡ್ರೆ ಅವರು, ಆನ್‌ಲೈನ್ ಬುಕಿಂಗ್ ವ್ಯವಸ್ಥೆ ಇಲ್ಲದ ಚಾರಣ ಪಥಗಳಿಗೆ ಪ್ರವೇಶವನ್ನು ತಾತ್ಕಾಲಿಕವಾಗಿ ನಿರ್ಬಂಧಿಸುವಂತೆ ಸೂಚಿಸಿದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ‘ಅರಣ್ಯ ವಿಹಾರ’ ಜಾಲತಾಣ ಕಾರ್ಯಾರಂಭ ಮಾಡಿತು. ಒಂದು ಪಥದಲ್ಲಿ ದಿನಕ್ಕೆ ಗರಿಷ್ಠ 300 ಮಂದಿ ಎಂಬ ಮಿತಿ ಜಾರಿಗೆ ಬಂತು.

ಈ ಕ್ರಮ ಸ್ವಾಗತಾರ್ಹವೇ. ನೂಕುನುಗ್ಗಲು ತಗ್ಗುತ್ತದೆ, ಕಾಡಿನೊಳಗೆ ಹೋದವರು ಎಷ್ಟು, ಮರಳಿದವರು ಎಷ್ಟು ಎಂಬ ಲೆಕ್ಕ ಸಿಗುತ್ತದೆ. ಆದರೆ ಚಾರಣಿಗರ ತಲೆ ಎಣಿಸುವ ವ್ಯವಸ್ಥೆಯೊಂದು ರೂಪುಗೊಂಡ ಮೇಲೆ, ಅವರು ತುಳಿಯುವ ನೆಲದ ಸ್ಥಿತಿಯನ್ನು ಅಳೆಯುವವರು ಯಾರು ಎಂಬ ಪ್ರಶ್ನೆ ಸಹಜವಾಗಿ ಉದ್ಭವಿಸುತ್ತದೆ.

ನೀರು ಕೊರೆಯುವ ಹಾದಿ

ಲೆಕ್ಕ ಸರಳವಾಗಿದೆ. 300 ಮಂದಿ ಒಂದೇ ದಾರಿಯಲ್ಲಿ ಹತ್ತಿ ಇಳಿದರೆ ಆ ನೆಲದ ಪ್ರತಿ ಮೊಳವೂ ದಿನಕ್ಕೆ 600 ಬಾರಿ ತುಳಿತಕ್ಕೆ ಒಳಗಾಗುತ್ತದೆ. ತಿಂಗಳಿನ ಎಂಟು ಶನಿವಾರ-ಭಾನುವಾರಗಳನ್ನಷ್ಟೇ ಗಣನೆಗೆ ತೆಗೆದುಕೊಂಡರೂ ಈ ಸಂಖ್ಯೆ 4,800. ಇದು ನಿಯಮ ಚಾಚೂ ತಪ್ಪದೆ ಪಾಲನೆಯಾದಾಗಿನ ಮಾತು.

ಪಶ್ಚಿಮಘಟ್ಟದ ಶಿಖರಗಳ ಬಳಿ ಹಾದಿ ಬಹುಪಾಲು ಹುಲ್ಲುಗಾವಲಿನ ಮೇಲೆಯೇ ಸಾಗುತ್ತದೆ. ಹುಲ್ಲಿನ ಬೇರು ಹಿಡಿದಿಟ್ಟ ಮಣ್ಣಿನ ಪದರ ಅಲ್ಲಿ ತೆಳುವಾಗಿರುತ್ತದೆ. ಸತತ ತುಳಿತದಿಂದ ಹುಲ್ಲು ಸತ್ತು ನೆಲ ಗಟ್ಟಿಯಾದರೆ ಮಳೆನೀರು ಇಂಗುವುದಿಲ್ಲ. ಹಾದಿಯೇ ಕಾಲುವೆಯಾಗುತ್ತದೆ. ನೀರು ಕೊರೆದ ಜಾಗದಲ್ಲಿ ಕಲ್ಲುಗಳು ಎದ್ದು ನಿಲ್ಲುತ್ತವೆ. ನಡೆಯಲು ಕಷ್ಟವಾದಾಗ ಚಾರಣಿಗರು ಪಕ್ಕದ ಹುಲ್ಲಿನ ಮೇಲೆ ಹೊಸ ದಾರಿ ತುಳಿಯುತ್ತಾರೆ. ಮರುವರ್ಷ ಅದೂ ಕೊರಕಲಾಗುತ್ತದೆ. ಒಂದಡಿ ಅಗಲದ ಕಾಲುದಾರಿ ಗುಡ್ಡದ ಮೈಮೇಲೆ ಹಲವು ಸೀಳುಗಳಾಗಿ ಹರಡುವುದು ಹೀಗೆಯೇ.

ಇದು ಕೇವಲ ನೋಟದ ಪ್ರಶ್ನೆಯಲ್ಲ. ಪುಷ್ಪಗಿರಿ ವನ್ಯಜೀವಿಧಾಮದಲ್ಲಿರುವ 1,712 ಮೀಟರ್ ಎತ್ತರದ ಕುಮಾರ ಪರ್ವತದ ಮಡಿಲು ಕುಮಾರಧಾರೆಯ ಉಗಮಸ್ಥಾನ. ಸುಬ್ರಹ್ಮಣ್ಯವನ್ನು ಹಾದು ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುವ ಈ ನದಿಗೆ ಬೇಸಿಗೆಯಲ್ಲೂ ನೀರುಣಿಸುವುದು ಶೋಲಾ ಕಾಡು ಮತ್ತು ಹುಲ್ಲುಗಾವಲು. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಗಂಗಾಮೂಲ ತುಂಗಾ, ಭದ್ರಾ ಮತ್ತು ನೇತ್ರಾವತಿ ನದಿಗಳ ತವರು. ಪುಷ್ಪಗಿರಿ ಮತ್ತು ಕುದುರೆಮುಖ ಎರಡೂ 2012ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮಘಟ್ಟದ 39 ತಾಣಗಳಲ್ಲಿವೆ. ನದಿಮೂಲಕ್ಕೆ ಹೂಳು ಹೋಗುತ್ತದೆ ಎಂಬ ಕಾರಣವೂ ಮುಂದಾಗಿ ಕುದುರೆಮುಖದ ಕಬ್ಬಿಣದ ಅದಿರು ಗಣಿಗಾರಿಕೆ ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಅಂತ್ಯಕ್ಕೆ ನಿಂತಿತು. ಗಣಿಗೂ ಚಾರಣಕ್ಕೂ ಹೋಲಿಕೆ ಸಲ್ಲದು, ನಿಜ. ಆದರೆ ಗಣಿಯ ಹೂಳಿಗೆ ಅನ್ವಯಿಸಿದ ಎಚ್ಚರದ ಅಲ್ಪಾಂಶವಾದರೂ ಕಾಲುದಾರಿಯ ಮಣ್ಣಿಗೆ ಅನ್ವಯವಾಗಬೇಡವೇ?

ಮಾಡಬೇಕಾದ್ದು ಏನು?

ಹಾದಿಯ ಆರೈಕೆಗೆ ಕಾಂಕ್ರೀಟ್ ಬೇಕಿಲ್ಲ. ವನ್ಯಜೀವಿಧಾಮದೊಳಗೆ ಅದು ಸಲ್ಲುವುದೂ ಇಲ್ಲ. ಕಡಿದಾದ ಇಳಿಜಾರಿನಲ್ಲಿ ಹಾದಿಗೆ ಅಡ್ಡಲಾಗಿ ಓರೆಯಾಗಿ ಕಲ್ಲು ಇಲ್ಲವೇ ಮರದ ದಿಮ್ಮಿ ಹುದುಗಿಸಿ ನೀರನ್ನು ಪಕ್ಕಕ್ಕೆ ತಿರುಗಿಸುವುದು, ಮುಚ್ಚಿಹೋದ ಕಣಿಗಳನ್ನು ಬಿಡಿಸುವುದು, ಅಡ್ಡದಾರಿಗಳಿಗೆ ಮುಳ್ಳುಕಂಟಿ ಹಾಕಿ ಹುಲ್ಲು ಚಿಗುರಲು ಅವಕಾಶ ಕೊಡುವುದು: ಇಷ್ಟೇ ಕೆಲಸ. ಅಡಿಕೆ ತೋಟದಲ್ಲಿ ಮಳೆಗಾಲಕ್ಕೆ ಮುನ್ನ ಬಸಿಗಾಲುವೆ ಬಿಡಿಸುವ ಮಲೆನಾಡಿನ ಕೃಷಿಕನಿಗೆ ಈ ವಿದ್ಯೆಯನ್ನು ಹೊಸದಾಗಿ ಕಲಿಸಬೇಕಿಲ್ಲ. ಆದರೆ ಇದು ಪ್ರತಿವರ್ಷ, ಮೇ ತಿಂಗಳು ಮುಗಿಯುವುದರೊಳಗೆ ಆಗಬೇಕಾದ ಕೆಲಸ. ಒಮ್ಮೆ ಮಾಡಿ ಮರೆಯುವಂಥದಲ್ಲ.

ಋತುವಿನ ವಿಚಾರವೂ ಇದೆ. ಡಿಸೆಂಬರ್‌ನ ಒಣ ನೆಲ ತಾಳುವ ಹೆಜ್ಜೆಗಳನ್ನು ಜುಲೈನ ಕೆಸರು ತಾಳದು. ಹಸಿರು ಮತ್ತು ಮಂಜಿನ ಆಕರ್ಷಣೆಯಿಂದ ಕುದುರೆಮುಖಕ್ಕೆ ಮಳೆಗಾಲದಲ್ಲೇ ಬೇಡಿಕೆ ಹೆಚ್ಚು. ಹಾಗಾಗಿ 300 ಎಂಬ ಸಂಖ್ಯೆಯನ್ನು ಪಥ ಹಾಗೂ ಕಾಲಕ್ಕೆ ತಕ್ಕಂತೆ ಪರಿಷ್ಕರಿಸುವುದು ವಿವೇಕದ ಕ್ರಮ. ಶುದ್ಧ ಹುಲ್ಲುಗಾವಲಿನ ಹಾದಿಗೂ ಕಲ್ಲುಬಂಡೆಯ ಹಾದಿಗೂ ಒಂದೇ ಅಳತೆಗೋಲು ಹೊಂದದು.

ನೆರೆಯ ತಮಿಳುನಾಡಿನ ಅನುಭವ ಇಲ್ಲಿ ಉಲ್ಲೇಖಾರ್ಹ. 2018ರ ಮಾರ್ಚ್‌ನಲ್ಲಿ ತೇಣಿ ಜಿಲ್ಲೆಯ ಕುರಂಗಣಿಯಲ್ಲಿ ಕಾಳ್ಗಿಚ್ಚಿಗೆ ಸಿಲುಕಿ 20ಕ್ಕೂ ಹೆಚ್ಚು ಚಾರಣಿಗರು ಪ್ರಾಣ ಕಳೆದುಕೊಂಡರು. 2024ರ ಅಕ್ಟೋಬರ್‌ನಲ್ಲಿ ಅಲ್ಲಿನ ಸರ್ಕಾರ 40 ಪಥಗಳನ್ನು ಒಳಗೊಂಡ ಚಾರಣ ಯೋಜನೆ ಆರಂಭಿಸಿದಾಗ, ಕಾಡಂಚಿನ ಬುಡಕಟ್ಟು ಯುವಜನರಿಗೆ ತರಬೇತಿ ನೀಡಿ ಮಾರ್ಗದರ್ಶಿಗಳನ್ನಾಗಿ ಬಳಸಿಕೊಂಡಿತು. ಅಮೆರಿಕದಲ್ಲಿ ಸುಮಾರು 3,500 ಕಿ.ಮೀ. ಉದ್ದದ ಅಪಲಾಚಿಯನ್ ಹಾದಿಯನ್ನು ಬಹುಮಟ್ಟಿಗೆ ಸುಸ್ಥಿತಿಯಲ್ಲಿಟ್ಟಿರುವುದು, ಒಂದೊಂದು ಭಾಗವನ್ನು ವಹಿಸಿಕೊಂಡ ಸ್ವಯಂಸೇವಾ ಸಂಘಗಳು. ಎರಡೂ ಕಡೆ ಕಾಣುವ ಸಮಾನ ಅಂಶವೆಂದರೆ, ಹಾದಿಯ ಪ್ರತಿ ಭಾಗಕ್ಕೂ ಗುರುತಿಸಬಹುದಾದ ಹೊಣೆಗಾರರಿರುವುದು.

ಹೊಣೆ ಯಾರದು?

ಅರಣ್ಯ ಇಲಾಖೆಯ ಕೆಳಹಂತದ ಸಿಬ್ಬಂದಿಯ ಮೇಲೆಯೇ ಇದನ್ನೂ ಹೊರಿಸುವುದು ನ್ಯಾಯವಲ್ಲ. ಬೇಸಿಗೆಯಲ್ಲಿ ಬೆಂಕಿ ರೇಖೆ, ವರ್ಷವಿಡೀ ಗಸ್ತು, ಆನೆ-ಮಾನವ ಸಂಘರ್ಷ ಇವೆಲ್ಲವೂ ಅವರ ಹೆಗಲ ಮೇಲಿವೆ. ಗಿರಿಗದ್ದೆ, ಮುಳ್ಳೋಡಿಯಂಥ ಊರುಗಳ ಜನರಿಗೆ ಚಾರಣದ ಋತುವಿನಾಚೆಗೂ ಕೂಲಿ ದೊರೆಯುವಂತೆ, ಆಯಾ ಪಥದ ಶುಲ್ಕದ ನಿಗದಿತ ಪಾಲು ಅದೇ ಪಥದ ದುರಸ್ತಿಗೆ ಸಲ್ಲಬೇಕು. ಎಷ್ಟು ಸಂಗ್ರಹವಾಯಿತು, ಎಷ್ಟು ಖರ್ಚಾಯಿತು ಎಂಬುದು ಬುಕಿಂಗ್ ಮಾಡುವ ಪುಟದಲ್ಲೇ ಕಾಣುವಂತಿರಬೇಕು. ಸುಸ್ಥಿತಿಯ ಹಾದಿ ಇನ್ನಷ್ಟು ಜನರನ್ನು ಸೆಳೆಯುತ್ತದೆ ಎಂಬ ಆಕ್ಷೇಪವನ್ನೂ ತಳ್ಳಿಹಾಕುವಂತಿಲ್ಲ. ಆದರೆ ಮಿತಿ ಈಗಾಗಲೇ ಇರುವುದರಿಂದ ಆ ಭಯ ಹಿಂದಿನಷ್ಟು ದೊಡ್ಡದಲ್ಲ.

ನಗರದ ಚಾರಣಿಗನ ಪಾತ್ರವೂ ಇದೆ. ಪ್ಲಾಸ್ಟಿಕ್ ಬಾಟಲಿಯನ್ನು ವಾಪಸು ತರುವುದರೊಂದಿಗೆ ಅವನ ಕರ್ತವ್ಯ ಮುಗಿಯುವುದಿಲ್ಲ. ಕೆಸರಿದ್ದರೂ ಹಾದಿಯ ನಡುವೆಯೇ ನಡೆಯುವುದು, ತಿರುವುಗಳನ್ನು ಕತ್ತರಿಸಿ ಇಳಿಯದಿರುವುದು ಖರ್ಚಿಲ್ಲದ ಸೇವೆ. ಚಾರಣ ಸಂಘಟಿಸುವ ಸಂಸ್ಥೆಗಳು ವರ್ಷಕ್ಕೊಂದು ವಾರಾಂತ್ಯವನ್ನು ಸ್ಥಳೀಯರ ಮಾರ್ಗದರ್ಶನದಲ್ಲಿ ಗುದ್ದಲಿ ಹಿಡಿಯಲು ಮೀಸಲಿಡುವಂತೆ ಇಲಾಖೆ ಷರತ್ತು ವಿಧಿಸಲು ಅಡ್ಡಿಯೇನಿಲ್ಲ.

ಮುಂಗಾರು ಸಾಮಾನ್ಯವಾಗಿ ಜೂನ್‌ನಲ್ಲಿ ಬರುತ್ತದೆ. ಅದಕ್ಕೆ ಮುನ್ನ ಯಾವ ಪಥದಲ್ಲಿ ಎಷ್ಟು ಕಣಿ ಬಿಡಿಸಲಾಯಿತು ಎಂಬ ವರದಿಯನ್ನು ಸರ್ಕಾರ ಜನರ ಮುಂದಿಡುವಂತಾದರೆ, 2024ರ ಜನವರಿಯ ಆ ಜನಜಂಗುಳಿಯಿಂದ ಕಲಿತ ಪಾಠ ಪೂರ್ಣವಾದಂತೆ.