ಹ್ಯಾಂಡಲ್ ಒಳಗಿನ ವೈರು

ಹ್ಯಾಂಡಲ್ ಕೊಳವೆಯೊಳಗೆ ವೈರು ಎಳೆದರೆ ಬೈಕು ಚೆಂದ ಕಾಣುತ್ತದೆ, ನಿಜ. ಆದರೆ ಇಪ್ಪತ್ತು ವರ್ಷ ಗ್ಯಾರೇಜ್ ನಡೆಸಿದ ನಾನು ಹೇಳುವುದಿಷ್ಟೇ: ಅವಸರದ ಕೆಲಸ ಬೇಡ.

ಕಳೆದ ತಿಂಗಳು ಒಬ್ಬ ಹುಡುಗ ಬೈಕು ತಳ್ಳಿಕೊಂಡು ಬಂದ. ರಾತ್ರಿ ತಿರುವಿನಲ್ಲೇ ಹೆಡ್‌ಲೈಟ್ ಆರಿತ್ತಂತೆ. ಬಿಚ್ಚಿ ನೋಡಿದೆ. ವೈರು ಒಳಗೆ ಎಳೆಯಲು ಹ್ಯಾಂಡಲಿಗೆ ಕೊರೆದ ತೂತಿನ ಅಂಚು ಬ್ಲೇಡಿನಷ್ಟು ಹರಿತ. ವೈರಿನ ಸಿಪ್ಪೆ ಸುಲಿದು, ತಾಮ್ರ ಕಬ್ಬಿಣಕ್ಕೆ ತಾಗಿ ಫ್ಯೂಸ್ ಹೋಗಿತ್ತು.

ಅಂಚನ್ನು ಅರದಿಂದ ಉಜ್ಜಿ ನಯ ಮಾಡಬೇಕು, ರಬ್ಬರ್ ಬುಷ್ ಕೂರಿಸಬೇಕು, ವೈರಿಗೆ ಸ್ಲೀವ್ ಹಾಕಬೇಕು, ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗುವಷ್ಟು ಸಡಿಲ ಬಿಡಬೇಕು. 22 ಮಿಲಿಮೀಟರ್ ಕೊಳವೆಗೆ ದೊಡ್ಡ ತೂತು, ಅದರಲ್ಲೂ ಕ್ಲಾಂಪಿನ ಪಕ್ಕದಲ್ಲಿ, ಬೇಡವೇ ಬೇಡ. ಭಾರ ಬೀಳುವುದೇ ಅಲ್ಲಿ.

ಇಷ್ಟು ಮಾಡಲಾಗದಿದ್ದರೆ ವೈರು ಹೊರಗೇ ಇರಲಿ. ಚೆಂದ ತುಸು ಕಡಿಮೆಯಾದರೂ ಹುಡುಗ ಕ್ಷೇಮವಾಗಿ ಮನೆ ಸೇರಲಿ.