ಮೌಸು ಯಾರ ಕೈಯಲ್ಲಿದೆ?



ಟೀಚರ್ ಎಂದ ಕೂಡಲೇ ನಿಮ್ಮ ಕಣ್ಣ ಮುಂದೆ ಬರುವುದು ಯಾರು? ಕೈಗೆ ಸೀಮೆಸುಣ್ಣದ ಪುಡಿ ಮೆತ್ತಿಕೊಂಡು, ಉತ್ತರಪತ್ರಿಕೆಗಳ ಕಟ್ಟನ್ನು ಅವಚಿಕೊಂಡು ಬಸ್ಸಿಗೆ ಓಡುವ ಲೆಕ್ಕದ ಟೀಚರೋ, ಕನ್ನಡ ಟೀಚರೋ ಇರಬೇಕು ಅಲ್ಲವೇ? ಹೊಲಿಗೆ ಟೀಚರೂ ನಮಗೆ ಗೊತ್ತು. ಆದರೆ ಹೈಸ್ಕೂಲಿನ ಕಂಪ್ಯೂಟರ್ ಟೀಚರ್ ದಿನವಿಡೀ ಏನು ಮಾಡುತ್ತಾರೆ ಎಂದು ಕೇಳಿ ನೋಡಿ. "ಅವರಿಗೇನಮ್ಮ, ಫ್ಯಾನಿನಡಿ ತಣ್ಣಗೆ ಕುಳಿತು ಗುಂಡಿ ಒತ್ತುವುದು" ಎನ್ನುವವರೇ ಹೆಚ್ಚು.

ನಮ್ಮ ಪಡೀಲಿನಲ್ಲಿ, ನಮ್ಮ ಮನೆಯಿಂದ ಮೂರನೆಯ ಮನೆಯಲ್ಲಿ, ಅಂಥ ಟೀಚರ್ ಒಬ್ಬರಿದ್ದಾರೆ. ಬಿ.ಎಸ್ಸಿ. ಓದಿ, ಬಿ.ಎಡ್. ಮಾಡಿದವರು. ಪೇಟೆಯ ಕಡೆಗಿರುವ ಒಂದು ಕನ್ನಡ ಮಾಧ್ಯಮದ ಹೈಸ್ಕೂಲಿಗೆ ಹೋಗಿ ಬರುತ್ತಾರೆ. ಅವರ ದಿನ ನಮ್ಮ ನಿಮ್ಮ ದಿನದಂತೆಯೇ ಬೆಳಗಿನ ಐದಕ್ಕೆ ಅಡುಗೆಮನೆಯಲ್ಲಿ ಆರಂಭ. ನೀರುದೋಸೆ ಹೊಯ್ದು, ಅತ್ತೆಯವರ ಮಾತ್ರೆ ತೆಗೆದಿಟ್ಟು, ಮಗನ ಬುತ್ತಿ ಕಟ್ಟಿ, ಎಂಟಕ್ಕೆ ಬಸ್‌ಸ್ಟಾಪಿನಲ್ಲಿ ನಿಂತಿರಬೇಕು. ಕಂಡಕ್ಟರು "ಸ್ಟೇಟ್‌ಬ್ಯಾಂಕ್, ಸ್ಟೇಟ್‌ಬ್ಯಾಂಕ್" ಎಂದು ಕೂಗುತ್ತಾ ಬಂದರೂ ಕಾಲಿಡಲು ಜಾಗವಿರುವುದಿಲ್ಲ. ರೈಲ್ವೆ ಕೆಳಸೇತುವೆಯ ಹತ್ತಿರ ವಾಹನಗಳು ಸಾಲುಗಟ್ಟಿದರಂತೂ ಮುಗಿಯಿತು. 2025ರಲ್ಲಿ ಜಿಲ್ಲಾಧಿಕಾರಿ ಕಚೇರಿಯೂ ಪಡೀಲಿಗೆ ಬಂದ ಮೇಲೆ ಈ ರಸ್ತೆಗೆ ಬಿಡುವೆಂಬುದೇ ಇಲ್ಲ.

ಶಾಲೆಗೆ ತಲುಪಿದ ಮೇಲೆ ಅವರ ಮೊದಲ ಕೆಲಸ ಪಾಠವಲ್ಲ, ಶುಶ್ರೂಷೆ. ನಮ್ಮ ಕರಾವಳಿಯ ಮಳೆಗಾಲ ನಿಮಗೆ ಗೊತ್ತೇ ಇದೆ. ಹಪ್ಪಳದ ಡಬ್ಬಿಯನ್ನೇ ಬಿಡದ ತೇವ ಯಂತ್ರವನ್ನು ಬಿಟ್ಟೀತೇ? ಡಬ್ಬಿಯಂಥ ಆ ಸಿ.ಪಿ.ಯು. ಒಳಗೆ ಇರುವೆ ಗೂಡು ಕಟ್ಟುತ್ತದೆ, ಇಲಿ ವಯರು ಕಡಿಯುತ್ತದೆ, ಹಲ್ಲಿ ಒಳಗೇ ಸಾಯುತ್ತದೆ. ಸ್ವಿಚ್ಚು ಹಾಕಿದರೂ ಪರದೆ ಕಪ್ಪಾಗಿಯೇ ಉಳಿದರೆ ಟೀಚರ್ ಮುಚ್ಚಳ ತೆಗೆದು, ನೆನಪಿನ ಪಟ್ಟಿಯನ್ನು, ಅಂದರೆ ರ‍್ಯಾಮನ್ನು ಕಳಚಿ, ಅದರ ಹಿತ್ತಾಳೆಬಣ್ಣದ ಅಂಚನ್ನು ಪೆನ್ಸಿಲಿನ ರಬ್ಬರಿನಿಂದ ಮೆಲ್ಲಗೆ ಉಜ್ಜಿ ಮತ್ತೆ ಸಿಕ್ಕಿಸುತ್ತಾರೆ. ಹೆಚ್ಚಿನ ಸಲ ಅಷ್ಟಕ್ಕೇ ಅದು ಎದ್ದು ಕೂರುತ್ತದೆ! ಇನ್ನು ಕೆಲವು ಹಳೆಯ ಯಂತ್ರಗಳಿಗೆ ಪ್ರತಿದಿನವೂ ತಾರೀಕು ಮರೆತುಹೋಗುತ್ತದೆ, ವರ್ಷಗಟ್ಟಲೆ ಹಿಂದಕ್ಕೆ ಹೋಗಿ ನಿಲ್ಲುತ್ತವೆ. ಒಳಗಿರುವ ರೂಪಾಯಿಯಗಲದ ಗುಂಡಿಬ್ಯಾಟರಿ ಮುಗಿದದ್ದೇ ಅದಕ್ಕೆ ಕಾರಣ. ಅದನ್ನು ಟೀಚರ್ ತಮ್ಮ ಕೈಯಿಂದಲೇ ತಂದು ಹಾಕುತ್ತಾರೆ. ಗುಡುಗು ಕೇಳಿಸಿತೋ, ಪಾಠ ಅಲ್ಲಿಗೇ ನಿಲ್ಲಿಸಿ ಪ್ಲಗ್ಗುಗಳನ್ನೆಲ್ಲ ಕಿತ್ತಿಡಬೇಕು.

ಶಾಲೆಗಳಲ್ಲಿ ಕಂಪ್ಯೂಟರು ನಿನ್ನೆ ಮೊನ್ನೆಯದಲ್ಲ. 1984–85ರಲ್ಲೇ ಕೇಂದ್ರ ಸರ್ಕಾರ 'ಕ್ಲಾಸ್' ಎಂಬ ಯೋಜನೆಯಲ್ಲಿ ಆಯ್ದ ಕೆಲವು ಶಾಲೆಗಳಿಗೆ ಬಿ.ಬಿ.ಸಿ. ಮೈಕ್ರೋ ಎಂಬ ಯಂತ್ರಗಳನ್ನು ಕೊಟ್ಟಿತ್ತು. ಈ ಶತಮಾನದ ಮೊದಲಲ್ಲಿ ಕರ್ನಾಟಕ 'ಮಾಹಿತಿ ಸಿಂಧು' ಯೋಜನೆಯಿಂದ ಸರ್ಕಾರಿ ಹೈಸ್ಕೂಲುಗಳಿಗೆ ಕಂಪ್ಯೂಟರು ತಂದಿತು. ಆ ಮೇಲೆ 'ಐ.ಸಿ.ಟಿ.' ಬಂತು, 'ಟಾಲ್ಪ್' ಬಂತು. ಯಂತ್ರಗಳೇನೋ ಬಂದವು. ಕಲಿಸುವವರು ಮಾತ್ರ ಬಹಳ ಕಡೆ ಗುತ್ತಿಗೆಯವರಾಗಿ, ಇಂದು ಇದ್ದು ನಾಳೆ ಇಲ್ಲದವರಾಗಿಯೇ ಉಳಿದರು. ನಮ್ಮ ಟೀಚರಿಗೂ ಬೇಸಿಗೆ ರಜೆಯ ಎರಡು ತಿಂಗಳು ಸಂಬಳವಿಲ್ಲ. ಎಸ್.ಎಸ್.ಎಲ್.ಸಿ.ಯ ಮುಖ್ಯ ವಿಷಯಗಳ ಸಾಲಿನಲ್ಲಿ ಕಂಪ್ಯೂಟರು ಇಲ್ಲವಾದ್ದರಿಂದ ಡಿಸೆಂಬರು ಕಳೆದ ಮೇಲೆ ಅವರ ಪಿರಿಯಡು ಗಣಿತದವರಿಗೋ ವಿಜ್ಞಾನದವರಿಗೋ ಹೋಗುತ್ತದೆ. ಹಾಗೆಂದು ಬಿಡುವು ಸಿಗುತ್ತದೆಯೇ? ಮಕ್ಕಳ ವಿವರಗಳನ್ನು ಇಲಾಖೆಯ 'ಸ್ಯಾಟ್ಸ್'ಗೆ ತುಂಬುವುದು, ವಿದ್ಯಾರ್ಥಿವೇತನದ ಅರ್ಜಿ, ಆಧಾರ್ ಕಾರ್ಡಿನ ಹೆಸರಿಗೂ ಶಾಲೆಯ ಹೆಸರಿಗೂ ಬೀಳುವ ತಾಳೆ — ಇವೆಲ್ಲ ಯಾರ ತಲೆಗೆ? "ಟೀಚರೇ, ನಿಮಗೆ ಕಂಪ್ಯೂಟರ್ ಗೊತ್ತುಂಟಲ್ಲ!" ಎಂಬ ಒಂದೇ ಮಾತಿಗೆ.

ಇರಲಿ, ಪಾಠದ ವಿಷಯಕ್ಕೆ ಬರುತ್ತೇನೆ. 'ಆಲ್ಗೊರಿದಮ್' ಎಂಬ ದೊಡ್ಡ ಹೆಸರು ನೀವೂ ಕೇಳಿರಬಹುದು. ಬಾಗ್ದಾದಿನಲ್ಲಿ ಒಂಬತ್ತನೆಯ ಶತಮಾನದಲ್ಲಿದ್ದ ಅಲ್ ಖ್ವಾರಿಜ್ಮಿ ಎಂಬ ಗಣಿತಜ್ಞನ ಹೆಸರಿನಿಂದ ಹುಟ್ಟಿದ ಪದವಂತೆ. ಟೀಚರ್ ಅದನ್ನು ಹೇಗೆ ಕಲಿಸುತ್ತಾರೆ ಗೊತ್ತೇ? ನೀರುದೋಸೆಯಿಂದ! ಅಕ್ಕಿ ನೆನೆಹಾಕು, ನುಣ್ಣಗೆ ರುಬ್ಬು, ನೀರು ಬೆರೆಸಿ ತೆಳ್ಳಗೆ ಮಾಡು, ಉಪ್ಪು ಹಾಕು. ಕಾವಲಿಗೆ ನೀರು ಚಿಮುಕಿಸು. ಚುಂಯ್ ಎಂದಿತೇ? ಎಂದರೆ ಹಿಟ್ಟು ಹೊಯ್ಯಿ, ಎನ್ನದಿದ್ದರೆ ಇನ್ನಷ್ಟು ಕಾಯಿ. ಮುಚ್ಚಳ ಮುಚ್ಚು, ಬೆಂದೊಡನೆ ಮಗುಚದೆ ತೆಗೆದು ಮಡಿಸು. ಹಿಟ್ಟು ಮುಗಿಯುವ ತನಕ ಹೀಗೆಯೇ ಮಾಡುತ್ತಿರು. ಇಷ್ಟೇ! ಹಂತ, ಷರತ್ತು, ಪುನರಾವರ್ತನೆ ಮೂರೂ ಬಂದವು. ಈ ಪತ್ರಿಕೆಯ ಪಾಕಪುಟವನ್ನು ಪಕ್ಷಕ್ಕೊಮ್ಮೆ ಓದುವ ನೀವೆಲ್ಲರೂ ಆಲ್ಗೊರಿದಮ್ ಬಲ್ಲವರೇ ಎಂದಾಯಿತು. ಬೀಡಿ ಕಟ್ಟುವ ಮನೆಯ ಮಕ್ಕಳಿಗೆ ಅವರ ಮನೆಯ ಲೆಕ್ಕವೇ ಉದಾಹರಣೆ. ಎಲೆ ಕತ್ತರಿಸು, ಹೊಗೆಸೊಪ್ಪು ತುಂಬು, ಸುರುಳಿ ಸುತ್ತು, ನೂಲು ಕಟ್ಟು. 25 ಆದರೆ ಒಂದು ಕಟ್ಟು, 40 ಕಟ್ಟಾದರೆ ಒಂದು ಸಾವಿರ.

ಕನ್ನಡ ಟೈಪಿಂಗಿನ ಮೊದಲ ಪಾಠವಂತೂ ನನಗೆ ಬಹಳ ಮೆಚ್ಚಿಗೆಯಾಯಿತು. ನುಡಿ ತಂತ್ರಾಂಶದ ಕೀಲಿಮಣೆ ವಿನ್ಯಾಸದ ಮೂಲಪುರುಷ ಪ್ರೊ. ಕೆ.ಪಿ. ರಾವ್ ನಮ್ಮ ಮಂಗಳೂರಿನ ಹತ್ತಿರದ ಕಿನ್ನಿಕಂಬಳದವರು. ಇಂಗ್ಲಿಷಿನ ಅಕ್ಷರಗಳಿರುವ ಮಣೆಯ ಮೇಲೆಯೇ ಕನ್ನಡವನ್ನು ಉಚ್ಚಾರದಂತೆ ಮೂಡಿಸುವ ಉಪಾಯ ಅವರದು. ಒತ್ತಕ್ಷರ ಬೇಕಾದಲ್ಲಿ ನಡುವೆ 'ಎಫ್' ಒತ್ತಿದರೆ ಸಾಕು. ಎ, ಎಂ, ಎಫ್, ಎಂ — ನಾಲ್ಕು ಸಲ ಬೆರಳಾಡಿಸಿದರೆ 'ಅಮ್ಮ' ಎಂದು ಮೂಡುತ್ತದೆ. ಎಂಟನೆಯ ತರಗತಿಗೆ ಬಂದ ಮಕ್ಕಳು ಮೊಟ್ಟಮೊದಲು ಬರೆಯುವುದು ಅದನ್ನೇ.

ಇನ್ನು ಈ ಲೇಖನಕ್ಕೆ ಕಾರಣವಾದ ಸಂಗತಿ. ತರಗತಿಯಲ್ಲಿ 40 ಮಕ್ಕಳು, ಸರಿಯಾಗಿ ನಡೆಯುವ ಕಂಪ್ಯೂಟರು ಹತ್ತು. ಒಂದೊಂದರ ಮುಂದೆ ನಾಲ್ವರು. ಗಂಡು ಮಕ್ಕಳು ಧಡಧಡನೆ ಬಂದು ಮೌಸು ಹಿಡಿಯುತ್ತಾರೆ. ಹೆಣ್ಣು ಮಕ್ಕಳು ಹಿಂದೆ ನಿಂತು, ಮುತ್ತಿನಂಥ ಅಕ್ಷರಗಳಲ್ಲಿ ಎಲ್ಲವನ್ನೂ ನೋಟುಬುಕ್ಕಿಗೆ ಇಳಿಸಿಕೊಳ್ಳುತ್ತಾರೆ! ಬರೆಯುವ ಪರೀಕ್ಷೆಯಲ್ಲಿ ಇವರಿಗೇ ಹೆಚ್ಚು ಅಂಕ, ಯಂತ್ರದ ಮುಂದೆ ಒಬ್ಬಳನ್ನೇ ಕೂರಿಸಿದರೆ ಬೆರಳು ನಡುಗುತ್ತದೆ. ಈಜುವ ಕ್ರಮವನ್ನು ದಡದಲ್ಲಿ ನಿಂತು ಬರೆದುಕೊಂಡರೆ ಈಜು ಬಂದೀತೇ? ಟೀಚರ್ ಯಾರನ್ನೂ ಗದರಲಿಲ್ಲ. ಅಡುಗೆಮನೆಯ ಅಲಾರಾಂ ಗಡಿಯಾರವೊಂದನ್ನು ತಂದು ಮೇಜಿನ ಮೇಲಿಟ್ಟರು. ಹತ್ತು ನಿಮಿಷಕ್ಕೆ ಅದು ಬಾರಿಸಿತೆಂದರೆ ಎಲ್ಲರೂ ಒಂದೊಂದು ಸ್ಟೂಲು ಎಡಕ್ಕೆ ಸರಿಯಬೇಕು. ಮೊದಲ ವಾರ ಹುಡುಗರು ಗೊಣಗಿದರು, ಹುಡುಗಿಯರು "ನೀನೇ ಮಾಡು" ಎಂದು ಮೌಸನ್ನು ತಾವಾಗಿಯೇ ಬಿಟ್ಟುಕೊಟ್ಟರು. ಮೂರನೆಯ ವಾರಕ್ಕೆ ಯಾರೂ ಬಿಟ್ಟುಕೊಡಲಿಲ್ಲ.

"ಈ ವಿದ್ಯೆ ಗಂಡಸರದು" ಎನ್ನುವವರಿಗೆ ನೀವು ಒಂದು ಮಾತು ಹೇಳಿ. ನಮ್ಮ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಅಚ್ಚಾದದ್ದು 1843ರಲ್ಲಿ. ಅದೇ ವರ್ಷ ಇಂಗ್ಲೆಂಡಿನಲ್ಲಿ ಏಡಾ ಲವ್‌ಲೇಸ್ ಎಂಬ ಮೂರು ಮಕ್ಕಳ ತಾಯಿ, ಇನ್ನೂ ಕಟ್ಟಿಯೇ ಇರದ ಗಣಕಯಂತ್ರವೊಂದು ಯಾವ ಹಂತದಲ್ಲಿ ಏನು ಮಾಡಬೇಕೆಂದು ಬರೆದು ಪ್ರಕಟಿಸಿದಳು. ಜಗತ್ತಿನ ಮೊದಲ ಪ್ರೋಗ್ರಾಮ್ ಎಂದು ಅದನ್ನೇ ಅನೇಕರು ಹೇಳುತ್ತಾರೆ. 1946ರಲ್ಲಿ ಅಮೆರಿಕದಲ್ಲಿ ಎನಿಯಾಕ್ ಎಂಬ ಕೋಣೆ ತುಂಬುವ ಕಂಪ್ಯೂಟರನ್ನು ಲೋಕಕ್ಕೆ ತೋರಿಸಿದಾಗ ಅದಕ್ಕೆ ಲೆಕ್ಕ ಕಲಿಸಿದವರು ಆರು ಮಂದಿ ಹೆಂಗಸರು. ಹೊಗಳಿಕೆಯೆಲ್ಲ ಯಂತ್ರ ಕಟ್ಟಿದವರಿಗೆ ಹೋಯಿತು, ಈ ಆರು ಮಂದಿಯ ಹೆಸರು ಹೊರಬರಲು ದಶಕಗಳೇ ಹಿಡಿದವು. ಬಡಿಸಿದವರನ್ನು ಹೊಗಳಿ ಬೇಯಿಸಿದವರನ್ನು ಮರೆಯುವುದು ಎಲ್ಲ ಊರಿನಲ್ಲೂ ಉಂಟೆಂದಾಯಿತು!

ಮೊನ್ನೆ ಒಂದು ಸಂಜೆ ನಾನು ಟೀಚರ ಮನೆಯಲ್ಲಿದ್ದಾಗ ಒಬ್ಬ ತಾಯಿ ಬಂದರು. ಮಗಳು ಹತ್ತನೆಯ ತರಗತಿ. ಮನೆಯಲ್ಲಿ ಬೀಡಿ ಕಟ್ಟುವ ಕೆಲಸ.

"ಟೀಚರೇ, ಈ ವರ್ಷ ಮುಗಿದ ಮೇಲೆ ಇವಳನ್ನು ಹೊಲಿಗೆಗೆ ಹಾಕುವ ಅಂತ ಉಂಟು. ಅವಳು ಕಂಪ್ಯೂಟರು ಕಂಪ್ಯೂಟರು ಅಂತ ಹಟ ಹಿಡಿದು ಕೂತಿದ್ದಾಳೆ. ನೀವೇ ಸ್ವಲ್ಪ ಬುದ್ಧಿ ಹೇಳಿ. ನಮ್ಮಂಥವರಿಗೆ ಎಂತಕ್ಕೆ ಅದು?"

ಟೀಚರ್ ಭಾಷಣ ಮಾಡಲಿಲ್ಲ. "ಹೊಲಿಗೆ ಒಳ್ಳೆಯದೇ ಅಮ್ಮ, ಕಲಿಯಲಿ. ಆದರೆ ಇದನ್ನೊಮ್ಮೆ ನೋಡಿ" ಎಂದು ಒಂದು ಹಾಳೆ ತಂದುಕೊಟ್ಟರು. ಆ ಹುಡುಗಿ ತಾಯಿಯ ಬೀಡಿ ಪುಸ್ತಕವನ್ನು ನೋಡಿ ಶಾಲೆಯ ಕಂಪ್ಯೂಟರಿನಲ್ಲಿ ಒಂದು ಕೋಷ್ಟಕ ಮಾಡಿದ್ದಳು. ವಾರಕ್ಕೆ ತಂದ ಎಲೆ ಎಷ್ಟು, ಕೊಟ್ಟ ಕಟ್ಟು ಎಷ್ಟು, ಚೆನ್ನಾಗಿಲ್ಲವೆಂದು ತೆಗೆದುಹಾಕಿದ ಕಟ್ಟು ಎಷ್ಟು, ಕೈಗೆ ಬಂದ ಹಣ ಎಷ್ಟು. ಕೊನೆಯ ಸಾಲಿನಲ್ಲಿ ಮೂರು ತಿಂಗಳ ಮೊತ್ತ. ಆ ತಾಯಿ ಎಂದೂ ಬಿಡದೆ ಬರೆಸಿಕೊಂಡು ಬಂದವರೇ, ಆದರೆ ತೆಗೆದುಹಾಕಿದ್ದನ್ನು ಒಟ್ಟು ಮಾಡಿ ನೋಡಿದವರಲ್ಲ. ಹಾಳೆಯನ್ನು ಮಡಿಲಲ್ಲಿ ಇಟ್ಟುಕೊಂಡು ಬಹಳ ಹೊತ್ತು ಸುಮ್ಮನಿದ್ದರು. "ಇಷ್ಟು ಹೋಯ್ತಾ ಟೀಚರೇ?" ಎಂದರು. ಆ ಮೇಲೆ, "ಇದನ್ನು ಇವಳೇ ಮಾಡಿದ್ದಾ?"

ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡರೆ ಮಾತ್ರ ಕಂಪ್ಯೂಟರು ಸಿಗುವುದೆಂದು ಅವರ ತಿಳುವಳಿಕೆ. ವಾಣಿಜ್ಯ ವಿಭಾಗದಲ್ಲೂ ಕಂಪ್ಯೂಟರ್ ಸೈನ್ಸ್ ಒಂದು ವಿಷಯವಾಗಿ ಇದೆ ಎಂದು ಟೀಚರ್ ತಿಳಿಸಿದರು. ನಿಮ್ಮಲ್ಲಿಯೂ ಯಾರಿಗಾದರೂ ಇದು ಉಪಯೋಗವಾದೀತು. "ಅವಳಪ್ಪನ ಹತ್ತಿರ ಮಾತಾಡಿ ನೋಡ್ತೇನೆ" ಎಂದು ಆಕೆ ಎದ್ದರು. ಹಾಳೆಯನ್ನು ಮರೆಯದೆ ನಾಲ್ಕು ಮಡಿಕೆ ಮಾಡಿ ಪರ್ಸಿಗೆ ಹಾಕಿಕೊಂಡರು. ಮನೆಯಲ್ಲಿ ಏನು ತೀರ್ಮಾನವಾಯಿತೋ, ಇನ್ನೂ ಸುದ್ದಿ ಬಂದಿಲ್ಲ.

ಅವರು ಹೋದ ಮೇಲೆ ನಾನು ಸಹಜವಾಗಿ, "ನಿಮಗೆ ಈ ತಿಂಗಳ ಸಂಬಳ ಬಂತಾ?" ಎಂದು ಕೇಳಿದೆ. ಟೀಚರ್ ನಕ್ಕುಬಿಟ್ಟರು. "ಗೊತ್ತಿಲ್ಲ ಅಕ್ಕಾ. ಬ್ಯಾಂಕಿನ ಮೆಸೇಜು ಇವರ ಫೋನಿಗೆ ಹೋಗ್ತದೆ. ಕೇಳಬೇಕು." ನಕ್ಕವರು ಅಲ್ಲಿಗೇ ಸುಮ್ಮನಾದರು. ಊರ ಮಕ್ಕಳಿಗೆಲ್ಲ ಮೌಸು ಕೊಡಿಸಿದವರ ಕೈಯಲ್ಲೇ ಮೌಸು ಇರಲಿಲ್ಲ ನೋಡಿ! ಯಜಮಾನರು ಕೆಟ್ಟವರೇನಲ್ಲ. ಹತ್ತು ವರ್ಷದ ಹಿಂದೆ ಖಾತೆ ತೆರೆದಾಗ ಮನೆಯಲ್ಲಿದ್ದದ್ದು ಒಂದೇ ಫೋನು, ಅದರ ನಂಬರು ಕೊಟ್ಟದ್ದು ಹಾಗೆಯೇ ಉಳಿದಿತ್ತು. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟವರೇ ಹೋಗಿ ಅರ್ಜಿ ಕೊಟ್ಟು ಬಂದರು. "ಮೊದಲೇ ಹೇಳಬಾರದಿತ್ತಾ?" ಎಂದರಂತೆ ಯಜಮಾನರು. ಅಷ್ಟೇ ಅದು.

ಈಗ ನಿಮ್ಮ ಸರದಿ. 2023ರಲ್ಲಿ ಗೃಹಲಕ್ಷ್ಮಿ ಯೋಜನೆ ಆರಂಭವಾಗಿ ಮನೆಯೊಡತಿಯ ಖಾತೆಗೆ 2000 ರೂಪಾಯಿ ಎಂದಾದ ಮೇಲೆ, ಹಣ ಬಂತೇ ಎಂದು ನೋಡಲು ಮಗನನ್ನೋ ಪಕ್ಕದ ಮನೆಯ ಹುಡುಗನನ್ನೋ ಕೇಳುವವರು ನಮ್ಮಲ್ಲಿ ಎಷ್ಟು ಮಂದಿ! ಅದಕ್ಕೇ ಟೀಚರ ಕಡೆಯಿಂದ ನಿಮಗೆ ಮೂರು ಸಣ್ಣ ಮನೆಗೆಲಸ.

ಮೊದಲನೆಯದು, ನಿಮ್ಮ ಬ್ಯಾಂಕ್ ಖಾತೆಗೆ ಯಾರ ಫೋನ್ ನಂಬರು ಜೋಡಿಸಿದೆ ಎಂದು ಪಾಸ್‌ಬುಕ್ಕು ಹಿಡಿದು ಹೋಗಿ ಕೇಳಿ. ಬೇರೆಯವರದಾಗಿದ್ದರೆ ನಿಮ್ಮದಕ್ಕೆ ಬದಲಿಸಲು ಅರ್ಜಿ ಕೊಡಿ.

ಎರಡನೆಯದು, ಫೋನಿಗೆ ಬರುವ ಓ.ಟಿ.ಪಿ. ಎಂಬ ಗುಟ್ಟಿನ ಅಂಕಿಯನ್ನು, ಬ್ಯಾಂಕಿನವರೆಂದು ಹೇಳಿಕೊಂಡು ಕರೆ ಮಾಡಿದವರಿಗೂ ಹೇಳಬೇಡಿ. ಅದು ಬೀರುವಿನ ಬೀಗದ ಕೈ ಇದ್ದಂತೆ. ಒಂದು ವೇಳೆ ಹಣ ಹೋಯಿತೆಂದರೆ ಅಳುತ್ತಾ ಕೂರದೆ ತಕ್ಷಣ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಮೂರನೆಯದು, ಮನೆಯಲ್ಲಿ ಕಂಪ್ಯೂಟರೋ ಫೋನೋ ಒಂದೇ ಇದ್ದು, ಮಗನೂ ಮಗಳೂ ಇದ್ದರೆ ಅಡುಗೆಮನೆಯ ಗಡಿಯಾರವನ್ನು ಹತ್ತಿರ ಇಡಿ. ಇಬ್ಬರಿಗೂ ಸಮಯ ಸಮ. ನಡುವೆ ಹತ್ತು ನಿಮಿಷ ನಿಮಗೂ ಇರಲಿ. "ಈ ವಯಸ್ಸಿನಲ್ಲಿ ನನಗೆಂತಕ್ಕೆ?" ಎನ್ನಬೇಡಿ. ಮಿಕ್ಸಿಯೂ ಕುಕ್ಕರೂ ಮೊದಲು ಮನೆಗೆ ಬಂದಾಗ ನಾವೆಲ್ಲ ದೂರ ನಿಂತವರೇ ಅಲ್ಲವೇ? ಕುಕ್ಕರಿನ ಸೀಟಿಗೆ ಹೆದರಿ ಹಿತ್ತಲಿಗೆ ಓಡಿದ ಅತ್ತೆಯಂದಿರು ಆ ಮೇಲೆ ಸೀಟಿ ಎಣಿಸಿಯೇ ಬೇಳೆ ಬೇಯಿಸಿದರು.

ಮಗಳ ಪಕ್ಕದಲ್ಲಿ ಕುಳಿತು ನಿಮ್ಮ ಹೆಸರನ್ನು ನೀವೇ ಕನ್ನಡದಲ್ಲಿ ಮೂಡಿಸಿ ನೋಡಿ. ತಪ್ಪಿದರೆ ಅಳಿಸುವ ಗುಂಡಿ ಇದ್ದೇ ಇದೆ, ಕಾಗದವೇನೂ ಹಾಳಾಗುವುದಿಲ್ಲ. ಏನಂತೀರಿ?