ಕಾಲಿಗೆ ಮಾತಾಡದ ಬ್ರೇಕು

ನನ್ನ ಕಾರು ನೋಡಿದವರು ಮೊದಲು ಕೇಳೋದು "ಎಷ್ಟು ಕೊಡುತ್ತೆ?" ಅಂತ. ಹುಡುಗರಾದರೆ "ನೂರಕ್ಕೆ ಎಷ್ಟು ಸೆಕೆಂಡು ಅಂಕಲ್?" ಅಂತಾರೆ. ಅಂಕಲ್ ಅನ್ನಿಸಿಕೊಂಡ ಬೇಜಾರನ್ನ ನುಂಗಿಕೊಂಡು ನಾನೂ ಹುರುಪಿನಿಂದ ಉತ್ತರ ಕೊಡ್ತೀನಿ. ಟರ್ಬೊ ಎಂಜಿನ್ನು, ಮನೆಮಂದಿಯೆಲ್ಲ ಕೂರೋ ಸೆಡಾನು, ಡಿಕ್ಕಿ ತುಂಬ ಜಾಗ. ಸೆಕೆಂಡ್ ಹ್ಯಾಂಡ್ ಆದರೇನಂತೆ! ಎರಡು ವರ್ಷದಲ್ಲಿ ಒಬ್ಬರೂ "ಬ್ರೇಕ್ ಹೆಂಗೈತಿ?" ಅಂತ ಕೇಳಲಿಲ್ಲ. ಸುಳ್ಳು ಯಾಕೆ, ತಗೊಳ್ಳುವಾಗ ನಾನೂ ಕೇಳಿರಲಿಲ್ಲ.

ಕಳೆದ ಮೆಕ್ಕೆಜೋಳದ ಸುಗ್ಗಿಯಲ್ಲಿ ಕೇಳಬೇಕಾಗಿ ಬಂತು.

ದಾವಣಗೆರೆಯಿಂದ ಹರಿಹರಕ್ಕೆ ಹದಿನಾಲ್ಕು ಕಿಲೋಮೀಟರು. ಹೈವೇ ಇದ್ದರೂ ನಾನು ಹೋಗೋದು ಹಳೇ ಪಿ.ಬಿ. ರೋಡಲ್ಲೇ, ಹಿಂದಿನಿಂದ ಬಂದ ಚಟ. ಅವತ್ತು ಹಿಂದಿನ ಸೀಟಲ್ಲಿ ಮಗಳಿದ್ದಳು. ದೊಡ್ಡಬಾತಿ ದಾಟಿದ ಮೇಲೆ ರಸ್ತೆಯ ಅರ್ಧಕ್ಕೆ ಜೋಳ ಹರವಿದ್ದರು. ಸುತ್ತಲೂ ಕಲ್ಲು ಜೋಡಿಸಿದ್ದರು. ಒಬ್ಬ ಅಜ್ಜಿ ಕಾಲಲ್ಲೇ ಜೋಳ ಕೆದರುತ್ತಾ, ನಮ್ಮ ಕಡೆ ಬೆನ್ನು ಹಾಕಿ ನಡೀತಿದ್ದಳು. ಎದುರಿಗೆ ಬಸ್ಸು. ನನ್ನ ಸ್ಪೀಡು ಐವತ್ತರ ಆಸುಪಾಸು, ಹೆಚ್ಚೇನಲ್ಲ. ಬಸ್ಸಿಗೆ ಜಾಗ ಬಿಡೋಕೆ ಎಡಕ್ಕೆ ಎಳೆದೆ, ಬ್ರೇಕ್ ಒತ್ತಿದೆ. ಪೆಡಲ್ಲು ಅರ್ಧದಷ್ಟು ಒಳಗೆ ಹೋಯ್ತು. ಏನೂ ಆಗಲಿಲ್ಲ. ಇನ್ನಷ್ಟು ಒತ್ತಿದೆ, ಒಮ್ಮೆಲೇ ಗಕ್ಕನೆ ಹಿಡೀತು. ಅಷ್ಟೊತ್ತಿಗೆ ಚಕ್ರದ ಕೆಳಗೆ ಜೋಳ. ಎಬಿಎಸ್ಸು ಕಟ ಕಟ ಕಟ ಅಂತ ಕಾಲಿಗೆ ಒದೀತಾ ಇದೆ, ಕಾರು ಮಾತ್ರ ಗೋಲಿಗಳ ಮೇಲೆ ಹೋದ ಹಾಗೆ ಹೋಗ್ತಾನೇ ಇದೆ...

ನಿಂತಾಗ ಅಜ್ಜಿಗೂ ಬಾನೆಟ್ಟಿಗೂ ಎರಡು ಮಾರು ಅಂತರ ಇತ್ತೋ ಇಲ್ಲವೋ. ತಿರುಗಿ ನೋಡಿ "ಕಣ್ಣು ಕಾಣಂಗಿಲ್ಲೇನಪಾ ನಿಂಗೆ?" ಅಂದಳು. ಮತ್ತೆ ಜೋಳ ಕೆದರೋಕೆ ಶುರು ಮಾಡಿದಳು. ನನ್ನ ಕೈ ನಡುಗ್ತಾ ಇತ್ತು. ಮಗಳು "ಅಪ್ಪಾ, ಕಾರ್ ಯಾಕೆ ನಿಲ್ಲಲಿಲ್ಲ?" ಅಂದಳು. ಹರಿಹರ ಬರೋವರೆಗೂ ನಾನು ಉತ್ತರ ಕೊಡಲಿಲ್ಲ.

ಈ ಕಥೆ ಹೇಳಿದರೆ ಕೆಲವರು "ರಸ್ತೆ ಮೇಲೆ ಜೋಳ ಹಾಕೋರಿಗೆ ಬುದ್ಧಿ ಬೇಡ್ವಾ" ಅಂತಾರೆ. ಅಪಾಯ ಹೌದು, ನಾನೂ ಒಪ್ತೀನಿ. ಆದರೆ ಕಣ ಇಲ್ಲದ ರೈತ ಎಲ್ಲಿ ಒಣಗಿಸಬೇಕು? ಹಸಿ ಜೋಳ ತಂದರೆ ಮಂಡಿಯಲ್ಲಿ ರೇಟು ಮುರೀತಾರೆ. ಟರ್ಬೊ ಕಾರು ತಗೊಂಡ ಮಾತ್ರಕ್ಕೆ ರಸ್ತೆ ನನ್ನಪ್ಪನದಾಗಲ್ಲ. ಅಲ್ಲಿ ಜೋಳ ಇರುತ್ತೆ, ಎಮ್ಮೆ ಇರುತ್ತೆ, ಲೈಟಿಲ್ಲದ ಟ್ರ್ಯಾಕ್ಟರ್ ಇರುತ್ತೆ ಅಂತ ಗೊತ್ತಿದ್ದೂ ನನ್ನ ಬ್ರೇಕ್ ಹೇಗಿದೆ ಅಂತ ನೋಡಿಕೊಳ್ಳದೇ ಇದ್ದೆನಲ್ಲ, ಆ ತಪ್ಪು ಯಾರದು?

ಹರಿಹರದಲ್ಲಿ ನಮ್ಮ ಸೋದರಮಾವ ಇದ್ದಾರೆ. ಈಗ ಮುಚ್ಚಿಹೋಗಿರೋ ಮೈಸೂರು ಕಿರ್ಲೋಸ್ಕರ್‌ನಲ್ಲಿ ಲೇತ್ ಮುಂದೆ ನಿಂತು ಆಯಸ್ಸು ಕಳೆದವರು. ಕಾರು ಓಡಿಸೋಕೆ ಬರಲ್ಲ. ಕಥೆ ಕೇಳಿ, ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ಡ್ರೈವರ್ ಸೀಟಲ್ಲಿ ಕೂತರು. ಎಂಜಿನ್ ಹಚ್ಚಿಸಿ ಪೆಡಲ್ ಒತ್ತಿದರು. ಬಿಟ್ಟು ತಕ್ಷಣ ಇನ್ನೊಂದು ಸಲ ಒತ್ತಿದರು.

"ಎರಡನೇ ಸಲಕ್ಕೆ ಮೇಲೆ ಬರ್ತೈತಿ ನೋಡು. ಒಳಗ ಗಾಳಿ ಐತಿ ಇದ್ರಾಗ."

"ಮಾವ, ಸರ್ವೀಸಲ್ಲಿ ಕೇಳಿದ್ದೆ. ಈ ಮಾಡೆಲ್ಲೇ ಹಂಗೆ ಸರ್ ಅಂದ್ರು."

"ಹಂಗಂದ್ರೆ ಅವನಿಗೆ ತೆಗೆಯೋಕೆ ಬೇಜಾರು ಅಂತ ಅರ್ಥ. ಲೇತ್ ಹ್ಯಾಂಡಲ್‌ನಾಗ ಪ್ಲೇ ಇದ್ರೆ ಕೈಗೆ ಲೆಕ್ಕ ಸಿಗಲ್ಲಪಾ. ಇದೂ ಹಂಗೇ. ಬ್ರೇಕ್ ಐತಿ, ನಿನ್ನ ಕಾಲಿಗೆ ಅದು ಏನೂ ಹೇಳಲ್ಲ ಅಷ್ಟೇ."

ಮೂರು ತಿಂಗಳ ಹಿಂದೆ ಸರ್ವೀಸಲ್ಲಿ ಬ್ರೇಕ್ ಕೆಲಸ ಮಾಡಿಸಿದ್ದೆ. ಆಗ ಗಾಳಿ ಪೂರ್ತಿ ತೆಗೆದಿರಲಿಲ್ಲ. ದ್ರವ ಒತ್ತಿದರೆ ಕುಗ್ಗಲ್ಲ, ಗಾಳಿ ಕುಗ್ಗುತ್ತೆ. ನಾವು ಕಾಲಿಂದ ಕೊಟ್ಟ ಒತ್ತಡದಲ್ಲಿ ಮೊದಲ ಪಾಲು ಆ ಗುಳ್ಳೆಗಳನ್ನ ಹಿಸುಕೋದಕ್ಕೇ ಹೋಗುತ್ತೆ, ಆಮೇಲೆ ಪ್ಯಾಡು ಡಿಸ್ಕನ್ನ ಹಿಡಿಯುತ್ತೆ. ನನಗೆ ನಿಜವಾಗಿ ಹೆದರಿಕೆ ಆಗಿದ್ದು ಬೇರೆ ವಿಷಯಕ್ಕೆ. ಆ ಮೂರು ತಿಂಗಳಲ್ಲಿ ನನ್ನ ಕಾಲು ಆ ಮೆತ್ತಗಿನ ಪೆಡಲ್ಲಿಗೆ ಒಗ್ಗಿಹೋಗಿತ್ತು! ಮೊದಲ ವಾರ ಕಿರಿಕಿರಿ ಅನ್ನಿಸಿದ್ದು ನೆನಪಿದೆ. ನಂತರ ಅದೇ ಸರಿ ಅನ್ನಿಸಿಬಿಟ್ಟಿತ್ತು.

ಮಾವನೇ ಪರಿಚಯದ ಗ್ಯಾರೇಜಿಗೆ ಕರಕೊಂಡು ಹೋದರು. ನಾಲ್ಕೂ ಚಕ್ರದಿಂದ ಬ್ರೇಕ್ ಆಯಿಲ್ ಇಳಿಸಿದರು. ಗುಳುಗುಳು ಅಂತ ಗುಳ್ಳೆ ಬಂತು. ಆಯಿಲ್ಲು ನಮ್ಮನೆ ಕಾಫಿ ಡಿಕಾಕ್ಷನ್ ಬಣ್ಣಕ್ಕಿತ್ತು. ಈ ಆಯಿಲ್ ಗಾಳಿಯಲ್ಲಿರೋ ತೇವ ಹೀರಿಕೊಳ್ಳುತ್ತೆ. ಡಾಟ್ 4 ದರ್ಜೆಯದ್ದು ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು, ತೇವ ಹೀರಿದ ಮೇಲೆ ಆ ಲೆಕ್ಕ 155ಕ್ಕೆ ಇಳಿಯುತ್ತೆ. ದಾವಣಗೆರೆಯ ಬಯಲಲ್ಲಿ ಇದು ಗೊತ್ತೇ ಆಗಲ್ಲ. ಐದು ಜನ, ಲಗೇಜು ಹೇರಿಕೊಂಡು ಆಗುಂಬೆ ಘಾಟಿ ಇಳಿಯುವಾಗ ಬ್ರೇಕ್ ಒತ್ತಿಕೊಂಡೇ ಹೋದರೆ ಗೊತ್ತಾಗಬಹುದು. ಆದರೆ ಆಗ ಗೊತ್ತಾಗಿ ಪ್ರಯೋಜನ ಇಲ್ಲ. ಎರಡು ವರ್ಷಕ್ಕೊಮ್ಮೆ ಬದಲಾಯಿಸಿ ಅಂತ ಸಾಮಾನ್ಯವಾಗಿ ಹೇಳೋದು ಇದಕ್ಕೇ. ಸರ್ವೀಸಿನವರು ಲೆವೆಲ್ ನೋಡಿ ಓಕೆ ಅಂತ ಟಿಕ್ ಹಾಕಿ ಕಳಿಸ್ತಾರೆ, ನಾವು ಆ ಟಿಕ್ ನೋಡಿ ಖುಷಿ ಪಡ್ತೀವಿ.

ವಾಪಸ್ ಬರುವಾಗ ಕಾರೇ ಬೇರೆ ಅನ್ನಿಸ್ತು. ಒಂದಿಷ್ಟು ಒತ್ತಿದರೆ ಒಂದಿಷ್ಟು, ಇನ್ನಷ್ಟು ಒತ್ತಿದರೆ ಇನ್ನಷ್ಟು. ನನ್ನ ಪ್ರಕಾರ ಸ್ಪೋರ್ಟಿ ಅಂದರೆ ಇದೇ. ಕೆಂಪು ಕ್ಯಾಲಿಪರ್ರು, ಬಾಲದ ಮೇಲಿನ ರೆಕ್ಕೆ ಎಲ್ಲ ಆಮೇಲೆ. ಕೆಲವು ಕಾರುಗಳಲ್ಲಿ ಪೆಡಲ್ ಮುಟ್ಟಿದರೆ ಸಾಕು, ಮೂಗು ಕುಕ್ಕಿ ನಿಲ್ಲುತ್ತೆ. ಟೆಸ್ಟ್ ಡ್ರೈವಲ್ಲಿ "ಬ್ರೇಕ್ ಶಾರ್ಪ್ ಇದೆ" ಅಂತ ಹೊಗಳ್ತೀವಿ. ಅದು ಬೂಸ್ಟರಿನ ಕರಾಮತ್ತು, ಬ್ರೇಕಿನ ಶಕ್ತಿ ಅಲ್ಲ. ಅಂಥ ಕಾರಲ್ಲಿ ಗುಂಡಿ ಸರ್ಕಲ್ಲಿನ ಟ್ರಾಫಿಕ್ಕಲ್ಲಿ ಹೋದರೆ ಹಿಂದೆ ಕೂತ ಅಮ್ಮನ ತಲೆ ಎಮ್ಮೆ ತಲೆ ಆಡಿಸಿದ ಹಾಗೆ ಆಡುತ್ತೆ :-)

ಡ್ರಮ್ಮು-ಡಿಸ್ಕು ಜಗಳ ಇನ್ನೊಂದು. ಫೋಕ್ಸ್‌ವ್ಯಾಗನ್ ವರ್ಟಸ್ 2022ರಲ್ಲಿ ಬಂದಾಗ ಜಿಟಿಗೂ ಹಿಂದೆ ಡ್ರಮ್ ಕೊಟ್ಟಿದ್ದರು ಅಂತ ನಮ್ಮ ಹುಡುಗರು ಆಡಿಕೊಂಡಿದ್ದೇ ಆಡಿಕೊಂಡಿದ್ದು. ಬ್ರೇಕ್ ಹಾಕಿದಾಗ ಭಾರ ಮುಂದಕ್ಕೆ ವಾಲುತ್ತೆ, ಬಹುಪಾಲು ಕೆಲಸ ಮುಂದಿನ ಚಕ್ರದ್ದೇ. ಹಿಂದೆ ಡ್ರಮ್ ಇದ್ದ ಮಾತ್ರಕ್ಕೆ ಬ್ರೇಕ್ ಕೆಟ್ಟದ್ದಲ್ಲ, ನಾಲ್ಕೂ ಡಿಸ್ಕ್ ಇದ್ದ ಮಾತ್ರಕ್ಕೆ ಒಳ್ಳೇದೂ ಅಲ್ಲ. ಎಷ್ಟೇ ದೊಡ್ಡ ಡಿಸ್ಕ್ ಇರಲಿ, ಕೊನೆಗೆ ನೆಲ ಹಿಡಿಯೋದು ಟೈರು. ಸವೆದ ಟೈರಿಗೆ ಯಾವ ಕ್ಯಾಲಿಪರ್ ಏನು ಮಾಡೀತು?

ಎಬಿಎಸ್ ವಿಷಯವೂ ಹೀಗೇ. 2018ರ ಏಪ್ರಿಲ್‌ನಿಂದ ಹೊಸ ಮಾಡೆಲ್ಲುಗಳಿಗೆ, 2019ರ ಏಪ್ರಿಲ್‌ನಿಂದ ಎಲ್ಲ ಹೊಸ ಕಾರಿಗೂ ಕಡ್ಡಾಯ ಮಾಡಿದ್ದು ಬಹಳ ಒಳ್ಳೇದಾಯ್ತು. ಆದರೆ ಅದರ ಕೆಲಸ ಚಕ್ರ ಲಾಕ್ ಆಗದ ಹಾಗೆ ತಡೆದು, ಸ್ಟೇರಿಂಗ್ ನಮ್ಮ ಕೈಯಲ್ಲಿ ಉಳಿಸೋದು. ಜೋಳ, ಮರಳು, ಜಲ್ಲಿ ಮೇಲೆ ಅದರಿಂದ ನಿಲ್ಲೋ ದೂರ ಹೆಚ್ಚಾಗಲೂಬಹುದು. ಇದನ್ನ ಶೋರೂಮಲ್ಲಿ ಯಾರೂ ಹೇಳಲ್ಲ. ಹಂಗೇ ಸ್ಟಾರ್ ಲೆಕ್ಕ ಕೂಡ. 2023ರಲ್ಲಿ ಶುರುವಾದ ಭಾರತ್ ಎನ್‌ಕ್ಯಾಪ್ ಸ್ಟಾರುಗಳು ಮುಖ್ಯವಾಗಿ ಹೇಳೋದು ಗುದ್ದಿದ ಮೇಲೆ ಒಳಗಿರೋರ ಗತಿ ಏನು ಅಂತ. ಹೊರಗೆ ಜೋಳ ಕೆದರೋ ಅಜ್ಜಿಗೆ ಬೇಕಾಗಿರೋದು ಗುದ್ದೋಕೆ ಮುಂಚಿನ ಲೆಕ್ಕ. ನೂರರ ಸ್ಪೀಡಲ್ಲಿ ಕಾರು ಸೆಕೆಂಡಿಗೆ 28 ಮೀಟರ್ ಹೋಗುತ್ತೆ. ಪೆಡಲ್ಲು ಸತ್ತ ಹಾಗೆ ಒಳಗೆ ಹೋಗೋ ಅರ್ಧ ಸೆಕೆಂಡಿಗೆ 14 ಮೀಟರ್, ಅಂದರೆ ಸುಮಾರು ಮೂರು ಕಾರಿನುದ್ದ.

ಹಾಗಾಗಿ ನನ್ನ ಮಾತು ಇಷ್ಟೇ. ಇನ್ನೊಂದು ಸಲ ಯಾರ ಕಾರಾದರೂ ನೋಡಿದಾಗ ಬಾನೆಟ್ ಎತ್ತೋ ಮುಂಚೆ ಕಾಲಿಟ್ಟು ನೋಡಿ. ಎಂಜಿನ್ ಆಫ್ ಮಾಡಿ ಪೆಡಲ್ಲನ್ನ ನಾಲ್ಕೈದು ಸಲ ಒತ್ತಿ, ಗಟ್ಟಿ ಆಗಬೇಕು. ಒತ್ತಿ ಹಿಡಿದೇ ಎಂಜಿನ್ ಹಚ್ಚಿ. ಸ್ವಲ್ಪ ಕೆಳಗಿಳಿದರೆ ಬೂಸ್ಟರ್ ಕೆಲಸ ಮಾಡ್ತಿದೆ. ಹಂಗೇ ಹಿಡಿದಿದ್ದಾಗ ಪೆಡಲ್ಲು ನಿಧಾನಕ್ಕೆ ನೆಲ ಮುಟ್ಟೋಕೆ ಹೊರಟರೆ ಕಾರು ತೆಗೀಬೇಡಿ, ಮೆಕ್ಯಾನಿಕ್ಕನ್ನ ಮನೆಗೇ ಕರೆಸಿ.

ಸುಗ್ಗಿ ಮುಗಿಯೋ ಮುಂಚೆ ಇನ್ನೊಂದು ಸಲ ಅದೇ ದಾರಿಯಲ್ಲಿ ಹೋಗಿದ್ದೆ. ಅಜ್ಜಿ ಜೋಳವನ್ನ ಚೀಲಕ್ಕೆ ತುಂಬಿಸ್ತಾ ಇದ್ದಳು. ಇಪ್ಪತ್ತರಲ್ಲಿ ದಾಟಿದೆ. ಹಿಂದಿನ ಲಾರಿಯವನು ಹಾರ್ನ್ ಹೊಡೆದಿದ್ದೇ ಹೊಡೆದಿದ್ದು. ಹೊಡ್ಕೊಳ್ಳಿ ಬಿಡಿ. ಈ ಶನಿವಾರ ಮತ್ತೆ ಹರಿಹರಕ್ಕೆ ಹೋಗ್ಬೇಕು, ಹ್ಯಾಂಡ್‌ಬ್ರೇಕ್ ಕೇಬಲ್ಲೂ ನೋಡಿಸೋದಿದೆ. ಬರುವಾಗ ಬೆಣ್ಣೆದೋಸೆ ಕಟ್ಟಿಸ್ಕೊಂಡು ಬಾ ಅಂತ ಮಾವ ಈಗಲೇ ಫೋನ್ ಮಾಡಿದ್ದಾರೆ.